ಏಳನೇ ಪಿನ್ನಿನ ಪಂಚಾಯಿತಿ

ಜುಂಜಯ್ಯ ಸುಳ್ಳು ಹೇಳುವ ಮನುಷ್ಯನಲ್ಲ. ಬೆಳೆಯುವ ಮಗುವಿಗೆ ಒಂದು ಅಳತೆ ದೊಡ್ಡ ಅಂಗಿ ಹೊಲಿಸುವ ಹಾಗೆ ಅವನು ನಿಜಕ್ಕೂ ಒಂದು ಅಳತೆ ದೊಡ್ಡ ಅಂಗಿ ತೊಡಿಸುತ್ತಿದ್ದ, ಅಷ್ಟೆ. ನಿಜ ಬೆಳೆದು ಅಂಗಿಗೆ ಸರಿಹೋಗುತ್ತದೆ ಎಂಬುದು ಅವನ ನಂಬಿಕೆ.

ಎಪ್ಪತ್ತೆಂಟರ ಬೇಸಗೆಯಲ್ಲಿ ಚಿತ್ರದುರ್ಗದ ಮಳೆ ಲೆಕ್ಕದ ಕಚೇರಿಗೆ ಲಾರಿಯ ಮೇಲೆ, ಹುಲ್ಲಿನ ಹಾಸಿನಲ್ಲಿ, ಒಂದು ಕಂಪ್ಯೂಟರು ಬಂತು. ಎರಡು ಬೀರುಗಳಷ್ಟು ಗಾತ್ರ. ಬೆಂಗಳೂರಿನವರು ಬಳಸಿ ಬೇಸತ್ತು ಆರು ತಿಂಗಳ ಪರೀಕ್ಷೆಗೆಂದು ಇತ್ತ ಸಾಗಹಾಕಿದ್ದರು. ಅದರ ಜೊತೆಗೆ, ಅಷ್ಟೇ ಆರು ತಿಂಗಳ ಹಂಗಾಮಿ ನೌಕರಿಯ ಮೇಲೆ, ಡಿಪ್ಲೊಮಾ ಓದಿದ ಜುಂಜಯ್ಯನೂ ಬಂದ. ಯಂತ್ರ ಚಿತ್ರದುರ್ಗದಲ್ಲಿ ನಿಂತರೆ ಜುಂಜಯ್ಯ ನಿಲ್ಲುತ್ತಾನೆ. ಯಂತ್ರ ವಾಪಸು ಲಾರಿ ಹತ್ತಿದರೆ ಅವನಿಗೆ ಲಾರಿಯೂ ಇಲ್ಲ.

ಇಷ್ಟು ಸಣ್ಣ ನಿಜಕ್ಕೆ ಅವನು ಹೊಲಿಸಿದ ಅಂಗಿ ದೊಡ್ಡದಾಗಿತ್ತು. ಹಿರಿಯೂರಿನಾಚೆ, ಕಾರೆಹಟ್ಟಿಯಲ್ಲಿ, ತಾಯಿ ಪಾಲಮ್ಮನೂ ಯಾವಾಗಲೂ ಸೊಂಟ ಹಿಡಿದುಕೊಂಡೇ ಇರುವ ಸೋದರಮಾವ ಮುದ್ದಪ್ಪನೂ ಕುರಿಮಂದೆಯ ನಡುವೆ ನಿಂತು ಕೇಳುತ್ತಿರುವಾಗ, ಜುಂಜಯ್ಯ ಹೇಳಿದ್ದ: “ನಾನು ಹ್ಞೂಂ ಅಂದ್ರೆ ಯಂತ್ರ ಓಡ್ತೈತೆ. ಸಾಕು ಅಂದ್ರೆ ನಿಲ್ತೈತೆ. ಜಿಲ್ಲೆಯಲ್ಲಿ ಇನ್ನೊಬ್ರ ಮಾತು ಅದು ಕೇಳಂಗಿಲ್ಲ.”

ಮರುದಿನ ಸಂಜೆಯೊಳಗೆ ಸುತ್ತಲಿನ ಮೂರು ಹಟ್ಟಿಗಳಿಗೆ ಸುದ್ದಿ ಮುಟ್ಟಿತ್ತು. ಪಾಲಮ್ಮನ ಮಗ ಹ್ಞೂಂ ಅನ್ನದಿದ್ದರೆ ಈ ಸಲ ಜಿಲ್ಲೆಯಲ್ಲಿ ಮಳೆಯನ್ನೇ ಬರೆಯುವುದಿಲ್ಲವಂತೆ.

ಕಚೇರಿಯಲ್ಲಿ ಅಂಗಿ ಬೇರೆ. ಅಲ್ಲಿ ಯಾರಾದರೂ ಊರು ಕೇಳಿದರೆ “ಹಿರಿಯೂರು ಕಡೆ” ಎನ್ನುತ್ತಿದ್ದ. ಕಡೆ ಎಂದರೆ ಯಾವ ಕಡೆ ಎಂದು ಕೇಳಿದರೆ ಕಿಟಕಿಯ ಕಡೆ ನೋಡುತ್ತಿದ್ದ. ಹತ್ತನೆಯ ವಯಸ್ಸಿಗೇ ಹಾಸ್ಟೆಲು ಸೇರಿದವನು. ಕುರಿ ಕೂಡುವ ರೊಪ್ಪದ ವಾಸನೆ ತನ್ನಿಂದ ಬಿಟ್ಟುಹೋಗಿದೆ ಎಂದು ಅವನಿಗೆ ಖಾತ್ರಿಯಿತ್ತು. ಆದರೂ ದಿನಕ್ಕೆರಡು ಸಲ ಪೌಡರ್ ಹಾಕುತ್ತಿದ್ದ.

ಇನ್ನು ಯಂತ್ರದ ವಿಷಯ. ಅದಕ್ಕೆ ಎರಡು ಅಂಗ ಜೋಡಿಸಿದ್ದರು. ತೂತು ಹೊಡೆದ ಕಾಗದದ ಪಟ್ಟಿಯಿಂದ ಮಳೆಯ ಅಂಕಿ ಓದುವ ಯಂತ್ರ ಒಂದು. ಓದಿದ್ದನ್ನು ಅಚ್ಚು ಹಾಕುವ ಯಂತ್ರ ಇನ್ನೊಂದು. ಇವನ್ನು ನಡೆಸುವುದಕ್ಕೆ ಒಂದೊಂದು ಚಿಕ್ಕ ಪ್ರೋಗ್ರಾಮು ಬರೆಯಬೇಕು. ಅದಕ್ಕೆ ಡ್ರೈವರ್ ಎಂದು ಹೆಸರು. ಡ್ರೈವರುಗಳ ಮೇಲೆ, ಕಂಪ್ಯೂಟರಿನ ಹೊಟ್ಟೆಯೊಳಗೆ, ಎಲ್ಲವನ್ನೂ ನೋಡಿಕೊಳ್ಳುವ ಯಜಮಾನ ಪ್ರೋಗ್ರಾಮು ಒಂದಿದೆ. ಅಚ್ಚಿನ ಡ್ರೈವರು ಜುಂಜಯ್ಯನದು. ಓದುವ ಡ್ರೈವರು ಭೀಮಸಮುದ್ರದ ಗಂಗಾಧರಪ್ಪನದು. ಅಡಿಕೆ ವ್ಯಾಪಾರದ ಮನೆಯ ಹುಡುಗ, ಕೆಂಪು ಮೋಟರ್ ಬೈಕಿನಲ್ಲಿ ಬರುತ್ತಿದ್ದ, ಯಂತ್ರಕ್ಕಿಂತ ಬೈಕನ್ನೇ ಹೆಚ್ಚು ಒರೆಸುತ್ತಿದ್ದ.

ಹೊರಗಿನ ಸಾಮಾನನ್ನು ಆನ್ ಮಾಡಲು, ಆಫ್ ಮಾಡಲು ಯಂತ್ರದ ಬೆನ್ನಿನಲ್ಲಿ ಎಂಟು ಪಿನ್ನುಗಳಿದ್ದವು. ಏಳು ಕೆಟ್ಟಿದ್ದವೋ, ಬೆಂಗಳೂರಿನವರು ಬೇರೆ ಕೆಲಸಕ್ಕೆ ಕಟ್ಟಿಹಾಕಿದ್ದರೋ ಯಾರಿಗೂ ಗೊತ್ತಿಲ್ಲ. ಉಳಿದದ್ದು ಏಳನೇ ಪಿನ್ನು ಒಂದೇ. ಎರಡು ಅಂಗಗಳ ವಿದ್ಯುತ್ತನ್ನೂ ಅದಕ್ಕೇ ಕಟ್ಟಿದರು. ಪಿನ್ನಿನ ಮೇಲೆ ಒಂದು ಎಂದು ಬರೆದರೆ ಎರಡೂ ಎದ್ದು ಕೂರುತ್ತವೆ. ಸೊನ್ನೆ ಬರೆದರೆ ಎರಡೂ ಮಲಗುತ್ತವೆ.

ಜುಂಜಯ್ಯನ ಡ್ರೈವರು ಶಿಸ್ತಿನದು: ಕೆಲಸ ಶುರುವಾದಾಗ ಒಂದು ಬರೆಯುವುದು, ಮುಗಿದಾಗ ಸೊನ್ನೆ ಬರೆಯುವುದು. ಗಂಗಾಧರಪ್ಪನ ಡ್ರೈವರೂ ಅಷ್ಟೇ ಶಿಸ್ತಿನದು. ಇಬ್ಬರು ಶಿಸ್ತಿನವರು ಒಂದೇ ಮನೆಯಲ್ಲಿದ್ದರೆ ಏನಾಗುತ್ತದೆಯೋ ಅದೇ ಆಯಿತು.

ಪರೀಕ್ಷೆಗೆಂದು ಆರಿಸಿದ ನಾಲ್ಕು ತಾಲ್ಲೂಕುಗಳ ಮಳೆಯನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಅಚ್ಚು ಹಾಕಬೇಕಿತ್ತು. ಚಿತ್ರದುರ್ಗ ಅಚ್ಚಾಯಿತು. ಹಿರಿಯೂರು ಅಚ್ಚಾಯಿತು. ಹೊಳಲ್ಕೆರೆ ಅಚ್ಚಾಯಿತು. ಹೊಸದುರ್ಗದ ‘ಹೊಸ’ ಆಗುವ ಹೊತ್ತಿಗೆ ಗಂಗಾಧರಪ್ಪನ ಪಟ್ಟಿ ಓದಿ ಮುಗಿಯಿತು. ಅವನ ಡ್ರೈವರು ಜವಾಬ್ದಾರಿಯಿಂದ ಸೊನ್ನೆ ಬರೆಯಿತು. ಅಚ್ಚಿನ ಯಂತ್ರ ಎತ್ತಿದ ಕೈ ಎತ್ತಿದ ಹಾಗೆಯೇ ಪ್ರಾಣ ಬಿಟ್ಟಿತು.

“ಯಾರಪ್ಪಾ ಆಫ್ ಮಾಡಿದ್ದು?” ಎಂದ ಜುಂಜಯ್ಯ.

“ನನ್ನ ಕೆಲಸ ಮುಗೀತು, ಮಾಡಿದೆ. ಕೆಲಸ ಮುಗಿದ ಮೇಲೆ ದೀಪ ಆರಿಸೋದು ಸಂಸ್ಕಾರ.”

“ನಾನು ಇನ್ನೂ ಊಟ ಮಾಡ್ತಾ ಇದ್ದೆನಲ್ಲೋ!”

“ಬೇಗ ಬೇಗ ಉಣ್ಣಬೇಕು.”

ಮರುದಿನ ಜುಂಜಯ್ಯ ಸಣ್ಣ ಪಟ್ಟಿ ಅಚ್ಚು ಹಾಕಿ ಬೇಗ ಮುಗಿಸಿದ. ಗಂಗಾಧರಪ್ಪನ ಓದುವ ಯಂತ್ರ ನಡುದಾರಿಯಲ್ಲಿ ನಿಂತಿತು. ಜುಂಜಯ್ಯ ಕಿಟಕಿಯ ಕಡೆ ನೋಡುತ್ತಾ “ಸಂಸ್ಕಾರ” ಎಂದ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು.

ಕಚೇರಿಯ ಅಧಿಕಾರಿ ಶಿವಯ್ಯನವರು ಯಾವ ಕಷ್ಟವನ್ನೂ ಮೆಮೋದಿಂದ ಪರಿಹರಿಸಬಲ್ಲವರು. ‘ಏಳನೇ ಪಿನ್ನು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಗಂಗಾಧರಪ್ಪನವರ ಸ್ವಾಧೀನ, ಎರಡರಿಂದ ಐದರವರೆಗೆ ಜುಂಜಯ್ಯನವರ ಸ್ವಾಧೀನ, ಒಂದರಿಂದ ಎರಡರವರೆಗೆ ಪಿನ್ನಿಗೆ ಊಟದ ವಿರಾಮ’ ಎಂದು ಟೈಪು ಮಾಡಿಸಿ ಗೋಡೆಗೆ ಅಂಟಿಸಿದರು. ಆದರೆ ಯಂತ್ರದ ನೆನಪು ಬಹಳ ಚಿಕ್ಕದು. ಒಂದು ಕಡೆ ಓದುತ್ತಿರುವಾಗಲೇ ಇನ್ನೊಂದು ಕಡೆ ಅಚ್ಚು ಹಾಕದಿದ್ದರೆ ಓದಿದ್ದೆಲ್ಲ ತುಂಬಿ ಚೆಲ್ಲಿಹೋಗುತ್ತಿತ್ತು. ಊಟದ ವಿರಾಮ ಮುಗಿಸಿಕೊಂಡು ಎದ್ದ ಪಿನ್ನಿಗೆ ಅಚ್ಚು ಹಾಕಲು ಏನೂ ಉಳಿದಿರುತ್ತಿರಲಿಲ್ಲ.

ಇಬ್ಬರೂ ಮೆಮೋವನ್ನು ಗೋಡೆಗೇ ಬಿಟ್ಟು ಮತ್ತೆ ಒಟ್ಟಿಗೆ ಓಡಿಸಿದರು, ಅಚ್ಚು ದಿನವೂ ‘ಹೊಸ’ದಲ್ಲೇ ನಿಲ್ಲುತ್ತ ಒಂದು ವಾರ ಕಳೆಯಿತು. ಎಂಟನೆಯ ದಿನ ಹೊಸದುರ್ಗದಿಂದ ಮಳೆ ಗುಮಾಸ್ತ ದಾಸಣ್ಣ ಬಂದರು, ಕೊಡೆ ಸಮೇತ.

“ಸ್ವಾಮೀ, ಎಂಟು ದಿನದಿಂದ ನಾನು ಅಂಕಿ ಕಳಿಸ್ತಾ ಇದೀನಿ. ನಿಮ್ಮ ಕಾಗದದಲ್ಲಿ ಹೊಸದುರ್ಗ ಅನ್ನೋ ಊರೇ ಇಲ್ಲ. ‘ಹೊಸ’ ಅಂತೈತೆ, ಮುಂದೆ ಬಯಲು. ನಮ್ಮ ತಹಶೀಲ್ದಾರರು ಕೇಳ್ತಾರೆ, ದಾಸಣ್ಣಾ, ನಮ್ಮ ದುರ್ಗ ಎಲ್ಲಿ ಹೋಯ್ತು ಅಂತ. ನಾನೇನು ಹೇಳಲಿ?”

“ಯಂತ್ರದ ತೊಂದರೆ, ಕುಂತ್ಕಳ್ರಿ,” ಎಂದರು ಶಿವಯ್ಯನವರು.

“ಕುಂತ್ಕಣಲ್ಲ. ನೆನಕಂಡು ಬಂದೀನಿ ಸ್ವಾಮಿ, ನೋಡ್ರಿ ಈ ಕೊಡೆ. ಇದರ ನೀರು ನಿಮ್ಮ ನೆಲದ ಮೇಲೆ ಸುರೀತೈತೆ, ನಿಮ್ಮ ಕಾಗದದಾಗೆ ಸುರಿಯಂಗಿಲ್ಲ!”

ಅದೇ ದಿನ ಬೆಂಗಳೂರಿನಿಂದ ಕಾಗದ ಬಂತು. ಜೂನ್ ಹನ್ನೆರಡು ಸೋಮವಾರ ಸಾಹೇಬರು ತನಿಖೆಗೆ ಬರುತ್ತಾರೆ. ನಾಲ್ಕು ತಾಲ್ಲೂಕಿನ ಮಳೆ ಅವರ ಕಣ್ಣೆದುರು ಪೂರ್ತಿ ಅಚ್ಚಾಗಬೇಕು. ಆಗದಿದ್ದರೆ ಯಂತ್ರವನ್ನು ವಾಪಸು ಕರೆಸಿಕೊಳ್ಳಲಾಗುವುದು. ಲಾರಿಯ ನಂಬರನ್ನೂ ಬರೆದಿದ್ದರು.

ಜುಂಜಯ್ಯ ಅಂದು ತಾಯಿಗೆ ಒಂದು ಕಾರ್ಡು ಬರೆದ. ಮೂರು ಹಟ್ಟಿಗೆ ಮುಟ್ಟಿದ ಸುದ್ದಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುವ ಏರ್ಪಾಡು ಅದು. ಪಿನ್ನು, ಡ್ರೈವರು ಎಂದರೆ ತಾಯಿಗೆ ತಿಳಿಯುವುದಿಲ್ಲ. ತಿಳಿಯುವ ಹಾಗೆ ಬರೆಯಬಲ್ಲೆನೆಂಬ ಹೆಮ್ಮೆ ಬೇರೆ. ಹೀಗೆ ಬರೆದ: ‘ಇಲ್ಲಿ ನನಗೂ ಭೀಮಸಮುದ್ರದ ಗಂಗಾಧರಪ್ಪನಿಗೂ ಸೇರಿ ಒಂದೇ ಬಾಗಿಲು. ತನ್ನ ಕೆಲಸ ಮುಗಿಯುತ್ತಲೇ ಅವನು ಬಾಗಿಲು ಹಾಕಿಬಿಡುತ್ತಾನೆ. ನಾನು ಅಲ್ಲಿಗೇ ಸಿಕ್ಕಿಬೀಳುತ್ತೇನೆ. ಹೀಗೇ ಆದರೆ ಸೋಮವಾರದ ಮೇಲೆ ನಾನಿಲ್ಲಿ ಉಳಿಯುವುದು ಕಷ್ಟ.’

ಶಾಲೆಯ ಮೇಷ್ಟ್ರು ಇದನ್ನು ಹಟ್ಟಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದರು. ‘ಉಳಿಯುವುದು ಕಷ್ಟ’ ಎಂಬುದನ್ನು ಎರಡು ಸಲ ಓದಿದರಂತೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ಬಾಗಿಲಲ್ಲಿ ಮುದ್ದಪ್ಪ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದು ಕೈ ಸೊಂಟದ ಮೇಲೆ. ಅವನ ಹಿಂದೆ, ರೊಟ್ಟಿಗಂಟು ಹಿಡಿದ ಪಾಲಮ್ಮ.

“ನನ್ ಮಗನ್ನ ಕೂಡಿ ಹಾಕೋನು ಯಾವನು? ಮುಖ ತೋರ್ಸು ಅವಂದು!”

ಗಂಗಾಧರಪ್ಪ ಬೈಕು ಒರೆಸುತ್ತಿದ್ದವನು ಬಟ್ಟೆ ಹಿಡಿದೇ ಎದ್ದುನಿಂತ. ಜುಂಜಯ್ಯ ಬೀರುವಿನಷ್ಟೆತ್ತರದ ಯಂತ್ರದ ಹಿಂದೆ ಸರಿದ. ಅಲ್ಲಿಂದ ಪೌಡರಿನ ವಾಸನೆ ಮಾತ್ರ ಬರುತ್ತಿತ್ತು.

“ಯಾರಮ್ಮಾ ನೀವು?” ಎಂದರು ಶಿವಯ್ಯನವರು.

“ಜುಂಜಯ್ಯನ ಅವ್ವ. ಕಾರೆಹಟ್ಟಿಯಿಂದ ಬಂದೀನಿ. ಕುರಿ ಬಿಟ್ಟು ಬಂದೀನಿ.”

ಹಿರಿಯೂರು ಕಡೆ ಎಂದರೆ ಯಾವ ಕಡೆ ಎಂಬುದು ಆ ಕ್ಷಣ ಇಡೀ ಕಚೇರಿಗೆ ತಿಳಿದುಹೋಯಿತು.

ಮುದ್ದಪ್ಪ ಗಂಗಾಧರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಏನಪ್ಪಾ, ನೋಡಿದ್ರೆ ದೊಡ್ಡೋರ ಮನೆಯವನ ಹಂಗೆ ಕಾಣ್ತೀಯ. ಒಬ್ಬ ಇನ್ನೂ ಹೊರಗಿರುವಾಗ ಬಾಗಿಲು ಹಾಕ್ತಾರೇನಪ್ಪ? ನಿಮ್ಮೂರಾಗೆ ಇದೇ ಕಲಿಸ್ಯಾರಾ?”

“ಅಯ್ಯೋ, ನಿಮ್ಮ ಹುಡುಗನ್ನ ಯಾರೂ ಕೂಡಿ ಹಾಕಿಲ್ಲ ಅಜ್ಜಾ! ಅದು ಪಿನ್ನು. ಇಷ್ಟೇ ಇಷ್ಟು!” ಗಂಗಾಧರಪ್ಪ ಕಿರುಬೆರಳಿನ ತುದಿ ತೋರಿಸಿದ.

“ಇಷ್ಟುದ್ದ ಬಾಗಿಲಿಗೆ ಇಷ್ಟು ಜಗಳ ಆಡ್ತೀರೇನ್ರಲೇ?”

ಶಿವಯ್ಯನವರು ಪಾಲಮ್ಮ, ಮುದ್ದಪ್ಪ ಇಬ್ಬರನ್ನೂ ಒಳಗೆ ಕೂರಿಸಿ, ಯಂತ್ರದ ಬೆನ್ನು ತೆಗೆಸಿ, ಗೋಡೆಯ ಮೆಮೋ ಓದಿಸಿ ಅರ್ಧ ಗಂಟೆ ವಿವರಿಸಿದರು. ಪಾಲಮ್ಮ ಎಲೆ ಅಡಿಕೆ ಹಾಕಿಕೊಂಡು ಕೇಳಿದಳು. ಕೊನೆಗೆ ಹೇಳಿದಳು:

“ಅಂದ್ರೆ ನಿಮ್ಮತ್ರ ಕಲ್ಲಿಲ್ಲ.”

“ಯಾವ ಕಲ್ಲಮ್ಮಾ?”

“ಹಟ್ಟೀಲಿ ಐದು ಮನೆ ಕುರಿಗೆ ಒಂದೇ ರೊಪ್ಪ, ಒಂದೇ ಬಾಗಿಲು. ಬಾಗಿಲ ಪಕ್ಕ ಒಂದು ಚಪ್ಪಡಿ ಐತೆ. ಬೆಳಿಗ್ಗೆ ಮಂದೆ ಹೊಡ್ಕಂಡು ಹೋಗೋನು ಅದರ ಮ್ಯಾಲೆ ಒಂದು ಕಲ್ಲಿಡ್ತಾನೆ. ಸಂಜೆ ಬಂದೋನು ತನ್ನ ಕಲ್ಲು ಎತ್ತಿಕ್ಕಂತಾನೆ. ಚಪ್ಪಡಿ ಮ್ಯಾಲೆ ಕಲ್ಲಿದ್ರೆ ಯಾರೋ ಹೊರಗವ್ನೆ, ಬಾಗಿಲು ಹಾಕಂಗಿಲ್ಲ. ಕಲ್ಲು ಎತ್ತಿದ ಮ್ಯಾಲೆ ಚಪ್ಪಡಿ ಬರಿದಾದ್ರೆ ನೀನೇ ಕೊನೆಯೋನು, ಬಾಗಿಲಿಗೆ ಮುಳ್ಳು ಎಳೆದು ಮುಚ್ಚು. ಇದಕ್ಕೇನು ಇಸ್ಕೂಲಿಗೆ ಹೋಗ್ಬೇಕಾ?”

ಯಂತ್ರದ ಹಿಂದಿನಿಂದ ಜುಂಜಯ್ಯನ ತಲೆ ಹೊರಬಂತು. ಅವನು ಅಲ್ಲಿಯವರೆಗೆ ಈ ಅವಮಾನ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದವನು. ಈಗ ಗಂಗಾಧರಪ್ಪನ ಮುಖ ನೋಡಿದ. ಗಂಗಾಧರಪ್ಪ ಅವನ ಮುಖ ನೋಡಿದ. ಎರಡು ವಾರಗಳ ನಂತರ ಮೊದಲ ಮಾತು ಗಂಗಾಧರಪ್ಪನದು: “ಪಿನ್ನು ನಾವು ಮುಟ್ಟಲೇಬಾರದು ಕಣೋ. ಯಜಮಾನನೇ ಮುಟ್ಟಲಿ. ನಾವು ಕಲ್ಲು ಇಡೋದು, ಎತ್ತೋದು, ಅಷ್ಟೇ.”

“ನಾನೂ ಅದನ್ನೇ ಹೇಳೋಣ ಅಂತಿದ್ದೆ,” ಎಂದ ಜುಂಜಯ್ಯ. ಅಂಗಿ ಒಂದು ಅಳತೆ ದೊಡ್ಡದೇ.

ಸಂಜೆಯೊಳಗೆ ಬರೆದು ಮುಗಿಸಿದರು. ಯಜಮಾನ ಪ್ರೋಗ್ರಾಮಿನ ನೆನಪಿನಲ್ಲಿ ಒಂದು ಸಂಖ್ಯೆ. ಕೆಲಸ ಶುರು ಮಾಡುವ ಡ್ರೈವರು ಕೇಳಿಕೊಂಡರೆ ಅದಕ್ಕೆ ಒಂದು ಕೂಡುವುದು, ಮುಗಿಸಿದವನು ಹೇಳಿದರೆ ಒಂದು ಕಳೆಯುವುದು. ಸೊನ್ನೆಗೆ ಬಂದಾಗ ಮಾತ್ರ ಏಳನೇ ಪಿನ್ನು ಆಫ್. ಶಿವಯ್ಯನವರು ಹಳೆಯ ಮೆಮೋ ಕಿತ್ತು ಹೊಸ ಮೆಮೋ ಅಂಟಿಸಿದರು. ಯಂತ್ರ ಗುಂಯ್ ಎಂದಿತು. ಚಿತ್ರದುರ್ಗ. ಹಿರಿಯೂರು. ಹೊಳಲ್ಕೆರೆ. ಅಷ್ಟರಲ್ಲಿ, ಕೊನೆಯ ಅಂಕಿ ಓದಿಯಾಗುತ್ತಲೇ, ಗಂಗಾಧರಪ್ಪನ ಕಾಗದದ ಪಟ್ಟಿಯ ಬಾಲ ಹರಿಯಿತು. ಅದೂ ಬೆಂಗಳೂರಿನಲ್ಲಿ ಉಳಿದು ಹಳತಾದ ಕಾಗದ. ‘ಹೊಸ’ ಎಂದು ಬರೆದು ಅಚ್ಚಿನ ಯಂತ್ರ ನಿಂತಿತು.

“ಮತ್ತೆ ಹೋಯ್ತು ನಮ್ಮ ದುರ್ಗ!” ಎಂದರು ದಾಸಣ್ಣ. ತಮ್ಮ ತಾಲ್ಲೂಕು ಸಿಗುವವರೆಗೂ ಊರಿಗೆ ಹೋಗುವುದಿಲ್ಲವೆಂದು ಅವರು ಎದುರಿನ ಹೋಟೆಲಿನಲ್ಲಿ ತಂಗಿದ್ದರು.

ಶನಿವಾರ ಮಧ್ಯಾಹ್ನದವರೆಗೆ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಪಟ್ಟಿ ಹರಿದಾಗ ಗಂಗಾಧರಪ್ಪನ ಡ್ರೈವರು ‘ಮುಗಿಯಿತು’ ಎಂದು ಒಂದು ಕಳೆಯುತ್ತಿತ್ತು. ಬಳಿಕ ನಿಜವಾಗಿ ಮುಗಿಸುವಾಗ ಸಂಸ್ಕಾರದಿಂದ ಇನ್ನೊಂದು ಸಲ ಕಳೆಯುತ್ತಿತ್ತು. ಎರಡು ಕಳೆದರೆ ಸೊನ್ನೆ. ಜುಂಜಯ್ಯ ಇನ್ನೂ ಹೊರಗೆ, ಬಾಗಿಲು ಬಂದ್.

“ನನ್ನ ಕಲ್ಲು ನೀನು ಎತ್ತಿದೆ!”

“ನಿನ್ನ ಕಲ್ಲು ಯಾವುದು ಅಂತ ನನಗೇನು ಗೊತ್ತು? ಒಂದು ಕಳೆ ಅಂದಿದ್ದು ನೀನು!”

ರೊಟ್ಟಿಗಂಟು ಬಿಚ್ಚುತ್ತಿದ್ದ ಪಾಲಮ್ಮ ಕೈ ನಿಲ್ಲಿಸಿದಳು. “ಲೇ ಜುಂಜ. ಕಲ್ಲು ಎಣಿಸ್ತಾ ಇದೀಯಾ?”

“ಮತ್ತೇನವ್ವಾ? ಎಷ್ಟು ಕಲ್ಲವೆ ಅಂತ ನೋಡ್ಬೇಡ್ವಾ?”

ಪಾಲಮ್ಮ ಮುದ್ದಪ್ಪನ ಮುಖ ನೋಡಿದಳು. ಮುದ್ದಪ್ಪ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡ. ಹಟ್ಟಿಯ ಮಗುವೊಂದು ಕುರಿಯನ್ನು ನಾಯಿ ಎಂದು ಕರೆದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

“ಕುರುಬರಾಗ್ಲಿ ಗೊಲ್ಲರಾಗ್ಲಿ, ಮಂದೇನ ಎಣಿಸಿದೋರು ಯಾರಾದ್ರೂ ಅವ್ರೇನಾ? ಎಣಿಸಿದ್ರೆ ಕಮ್ಮಿಯಾಗ್ತವೆ. ನಿನ್ನ ಕುರಿ ಮುಖ ನೋಡಿದ್ರೆ ಗೊತ್ತಾಗ್ಬೇಕು. ಪ್ರತಿ ಮನೆ ಕುರಿಗೂ ಕಿವೀಲಿ ಒಂದು ಗುರುತು ಐತೆ. ಆ ಗುರುತೇ ಆ ಮನೆ ಕಲ್ಲಿಗೂ ಐತೆ. ನನ್ನ ಕಲ್ಲು ನಾನೇ ಇಡ್ಬೇಕು, ನಾನೇ ಎತ್ಬೇಕು. ನಿನ್ನ ಗುರುತಿನ ಕಲ್ಲು ಒಂದ್ಸಲ ಎತ್ತಿದ ಮ್ಯಾಲೆ ಇನ್ನೊಂದ್ಸಲ ಎತ್ತೋಕೆ ಏನೈತೆ ಅಲ್ಲಿ? ಬರೀ ಗಾಳಿ. ಬೇರೆಯೋರ ಕಲ್ಲು ಮುಟ್ಟಿದ್ರೆ ನಮ್ಮ ದೇವ್ರು ಜುಂಜಪ್ಪನ ಆಣೆ, ಹಟ್ಟಿ ಒಳಗೆ ಬಿಡಲ್ಲ.”

ಹಾಸ್ಟೆಲು, ಡಿಪ್ಲೊಮಾ, ಬೆಂಗಳೂರಿನ ಮೂರು ತಿಂಗಳ ತರಬೇತಿ, ಇವೆಲ್ಲ ಸೇರಿ ಜುಂಜಯ್ಯನಿಗೆ ಎಣಿಸುವುದೊಂದನ್ನು ಚೆನ್ನಾಗಿ ಕಲಿಸಿದ್ದವು. ಅವನು ಪೆನ್ಸಿಲು ತೆಗೆದುಕೊಂಡ. ಆ ಸಂಖ್ಯೆ ಇದ್ದ ಜಾಗದಲ್ಲಿ ಈಗ ಚಪ್ಪಡಿ ಬಂತು: ಒಂದು ಮೂಲೆ ಗಂಗಾಧರಪ್ಪನದು, ಒಂದು ಮೂಲೆ ತನ್ನದು. ಗಂಗಾಧರಪ್ಪನ ಡ್ರೈವರು ಎಷ್ಟು ಸಲ ‘ಮುಗಿಯಿತು’ ಎಂದರೂ ಅವನ ಮೂಲೆ ಮಾತ್ರ ಬರಿದಾಗುತ್ತದೆ. ಇಡೀ ಚಪ್ಪಡಿ ಬರಿದಾದರೆ ಮಾತ್ರ ಬಾಗಿಲು ಬಂದ್. ಸಂಜೆಯೊಳಗೆ ಹೊಸ ಪ್ರೋಗ್ರಾಮಿಗೆ ತೂತು ಹೊಡೆದು ಮುಗಿಯಿತು. ಶಿವಯ್ಯನವರು ಮೂರನೆಯ ಮೆಮೋ ಟೈಪು ಮಾಡಿಸಿದರು. ಭಾನುವಾರ ರಜೆ, ಯಂತ್ರ ಓಡಿಸಿ ನೋಡಲು ಅಪ್ಪಣೆಯಿಲ್ಲ. ಭಾನುವಾರ ಪಾಲಮ್ಮ ಕೋಟೆ ನೋಡಿ ಬಂದಳು. “ಏಳು ಸುತ್ತು ಕಟ್ಟ್ಯಾರೆ, ಚಪ್ಪಡಿ ಎಲ್ಲೂ ಇಟ್ಟಿಲ್ಲ,” ಎಂದಳು.

ಸೋಮವಾರ ಹತ್ತಕ್ಕೆ ಸಾಹೇಬರು ಜೀಪಿನಲ್ಲಿ ಬಂದರು. ಅವರ ಹಿಂದೆಯೇ ಖಾಲಿ ಲಾರಿ ಬಂದು ಗೇಟಿನಲ್ಲಿ ನಿಂತಿತು. ಲಾರಿಯಲ್ಲಿ ಹುಲ್ಲು ಆಗಲೇ ಹಾಸಿತ್ತು. ಶಿವಯ್ಯನವರು ಹಾರ ಹಾಕಿದರು. ಅವಸರಕ್ಕೆ ಹಾರ ಸಾಹೇಬರ ಒಂದು ಕಿವಿಗೆ ಸಿಕ್ಕಿಕೊಂಡಿತು. ಪಾಲಮ್ಮ, ಮುದ್ದಪ್ಪ ಗೋಡೆಯ ಬದಿ ನಿಂತರು. ದಾಸಣ್ಣ ಎಲ್ಲರಿಗಿಂತ ಮುಂದೆ.

“ಶುರು ಮಾಡಿ,” ಎಂದರು ಸಾಹೇಬರು.

ಜುಂಜಯ್ಯ ಹ್ಞೂಂ ಅಂದ. ಯಂತ್ರ ಓಡಿತು.

ಚಿತ್ರದುರ್ಗ. ಹಿರಿಯೂರು. ಓದುವ ಯಂತ್ರ ಕಾಗದ ನುಂಗುತ್ತಿತ್ತು, ಅಚ್ಚಿನ ಯಂತ್ರ ಕಟಕಟ ಉಗುಳುತ್ತಿತ್ತು. ಹೊಳಲ್ಕೆರೆ. ಆಗ, ಹೊಸದುರ್ಗದ ಅಂಕಿಯನ್ನೂ ಓದಿಯಾದ ಮೇಲೆ, ಪಟ್ಟಿಯ ಬಾಲ ಚರ್ರೆಂದು ಹರಿಯಿತು. ಓದುವ ಕಡೆಯ ದೀಪ ಕೆಂಪಗಾಯಿತು.

“ಮುಗಿಯಿತಲ್ಲ,” ಎಂದು ಸಾಹೇಬರು ಕೈಗಡಿಯಾರ ನೋಡಿಕೊಂಡರು. ಗೇಟಿನಲ್ಲಿ ಲಾರಿಯವನು ಇಂಜಿನು ಚಾಲೂ ಮಾಡಿದ.

ಗಂಗಾಧರಪ್ಪನ ಡ್ರೈವರು ‘ಮುಗಿಯಿತು’ ಎಂದಿತು. ಸಂಸ್ಕಾರ ಬಿಡದೆ ಇನ್ನೊಂದು ಸಲವೂ ‘ಮುಗಿಯಿತು’ ಎಂದಿತು. ಯಜಮಾನ ಚಪ್ಪಡಿ ನೋಡಿದ. ಜುಂಜಯ್ಯನ ಕಲ್ಲು ಅಲ್ಲೇ ಇತ್ತು.

ಅಚ್ಚಿನ ಯಂತ್ರ ಕಟ್ ಎಂದಿತು. ಹೊಸ. ಕಟಕಟ. ದುರ್ಗ. ಅದರ ಮುಂದೆ ಮಳೆ.

“ಬಂತು!” ದಾಸಣ್ಣ ಕೊಡೆ ಬಿಚ್ಚಿಬಿಟ್ಟರು. “ನಮ್ಮೂರು ಪೂರ್ತಿ ಬಂತು ಸ್ವಾಮೀ! ದುರ್ಗ ಸಮೇತ!”

ಅಚ್ಚು ಮುಗಿಯಿತು. ಏಳನೇ ಪಿನ್ನಿನ ಕಡೆಯಿಂದ ಟಿಕ್ ಎಂಬ ಸಣ್ಣ ಸದ್ದು ಬಂತು. ಎರಡೂ ಯಂತ್ರಗಳು ಒಟ್ಟಿಗೆ ಮಲಗಿದವು. “ಮುಳ್ಳು ಎಳೆದ,” ಎಂದು ಮುದ್ದಪ್ಪ ಪಾಲಮ್ಮನಿಗೆ ಹೇಳಿದ.

ಸಾಹೇಬರು ಬಗ್ಗಿ ಕಾಗದ ನೋಡಿದರು, ಹರಿದ ಪಟ್ಟಿ ನೋಡಿದರು, ಮೂರನೆಯ ಮೆಮೋ ಎರಡು ಸಲ ಓದಿದರು. “ಬೆಂಗಳೂರಿನಲ್ಲಿ ಇದೇ ತೊಂದರೆಯಿಂದ ನಾವು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದೆವು. ಈ ಕ್ರಮ ಯಾವ ಪುಸ್ತಕದಲ್ಲಿದೆ?”

ಜುಂಜಯ್ಯ ಅಭ್ಯಾಸಬಲದಿಂದ ಕಿಟಕಿಯ ಕಡೆ ನೋಡಿದ. ಕಿಟಕಿಯ ಪಕ್ಕದಲ್ಲೇ ಪಾಲಮ್ಮ ನಿಂತಿದ್ದಳು.

“ಪುಸ್ತಕದಲ್ಲಿಲ್ಲ ಸಾರ್. ಕಾರೆಹಟ್ಟಿಯಲ್ಲಿದೆ. ನಮ್ಮ ಕುರಿರೊಪ್ಪದ ಬಾಗಿಲಲ್ಲಿ. ಇವರು ನಮ್ಮವ್ವ, ಇವರೇ ಹೇಳಿಕೊಟ್ಟಿದ್ದು. ನಾನು ಒಂದು ಸಲ ತಪ್ಪು ಮಾಡಿದೆ, ಎಣಿಸಿಬಿಟ್ಟಿದ್ದೆ.”

ಅಷ್ಟು ಅಳತೆಗೆ ಸರಿಯಾದ ಮಾತನ್ನು ಅವನು ಅಲ್ಲಿಯವರೆಗೆ ಆಡಿದ್ದಿಲ್ಲ. ಸಾಹೇಬರು ತಮ್ಮ ಕೊರಳಿನ ಹಾರ ತೆಗೆದು ಯಾರಿಗೆ ಹಾಕಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದು ನಿಂತರು. ಪಾಲಮ್ಮನೇ ಅದನ್ನು ಇಸಿದುಕೊಂಡು ಯಂತ್ರದ ಮೇಲಿಟ್ಟಳು. ಗೇಟಿನ ಲಾರಿ ಖಾಲಿಯಾಗಿಯೇ ಹಿಂದಕ್ಕೆ ಹೋಯಿತು. ಹುಲ್ಲನ್ನು ಮಾತ್ರ ಮುದ್ದಪ್ಪ ಇಳಿಸಿಕೊಂಡ. ಅದನ್ನು ಯಾಕೆ ವಾಪಸು ಕಳಿಸಬೇಕು ಎಂದು ಅವನ ವಾದ.

ಸಂಜೆ ಜುಂಜಯ್ಯನೂ ಗಂಗಾಧರಪ್ಪನೂ ಇಬ್ಬರನ್ನು ಹಿರಿಯೂರು ಬಸ್ಸಿಗೆ ಬಿಡಲು ಬಂದರು. ಹುಲ್ಲಿನ ಹೊರೆ ಬಸ್ಸಿನ ಮೇಲೆ ಹತ್ತಿಸುವಾಗ ಮುದ್ದಪ್ಪ “ಅಯ್ಯಪ್ಪಾ” ಎಂದು ಸೊಂಟ ಹಿಡಿದುಕೊಂಡ.

“ಮಾವ, ಸೊಂಟಕ್ಕೆ ಏನಾಗೈತೆ? ಇಲ್ಲೇ ಡಾಕ್ಟರಿಗೆ ತೋರಿಸೋಣ,” ಎಂದ ಜುಂಜಯ್ಯ.

“ಡಾಕ್ಟರು ಏನು ಮಾಡ್ತಾನ್ಲಾ? ಇದು ನಿನ್ನಿಂದ ಬಂದ ಸೊಂಟ. ನೀನು ಹಾಸ್ಟೆಲಿಗೆ ಹೋದ ದಿನ ನಿಮ್ಮವ್ವ ಚಪ್ಪಡಿ ಮ್ಯಾಲೆ ನಿನ್ನ ಕೈಯಾಗೆ ಒಂದು ಕಲ್ಲು ಇಡಿಸಿದ್ಲು, ನೆನಪೈತಾ? ಬಸ್ಸು ಹತ್ತಿದೋನು ನೀನು ವಾಪಸು ಬಂದು ಅದನ್ನ ಎತ್ತಲೇ ಇಲ್ಲ. ಬೇರೆಯೋರು ಮುಟ್ಟಂಗಿಲ್ಲ. ಕಲ್ಲಿದ್ರೆ ಬಾಗಿಲು ಹಾಕಂಗಿಲ್ಲ. ಹದಿಮೂರು ವರ್ಷದಿಂದ ರೊಪ್ಪದ ಬಾಗಿಲಿಗೆ ಮುಳ್ಳಿನ ಬದಲು ನಾನೇ ಅಡ್ಡ ಮಲಗ್ತಾ ಇದೀನಿ!”

ಗಂಗಾಧರಪ್ಪ ಮುಂದೆ ಬಂದು ಹುಲ್ಲಿನ ಹೊರೆಗೆ ಕೈ ಕೊಟ್ಟ.

“ಬರೋ ಭಾನುವಾರ ಬರ್ತೀನಿ ಮಾವ. ಬಂದು ಕಲ್ಲು ಎತ್ತಿಬಿಡ್ತೀನಿ,” ಎಂದ ಜುಂಜಯ್ಯ.

ಪಾಲಮ್ಮ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಹಬ್ಬಕ್ಕೆ ಬಾ, ಉಂಡು ಹೋಗು. ಕಲ್ಲು ಮುಟ್ಟಬ್ಯಾಡ. ಈಗಿನ್ನೂ ನಾಲ್ಕು ತಾಲ್ಲೂಕು ಮೇಯಿಸ್ತಾ ಇದೀಯ.”

ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿ ಮುದ್ದಪ್ಪ ಕಂಬಳಿ ಮಡಿಸಿ ಸೊಂಟದ ಕೆಳಗೆ ಇಟ್ಟುಕೊಳ್ಳುತ್ತಿದ್ದುದು ಕಾಣಿಸಿತು. ಪಕ್ಕದಲ್ಲಿ ಕೂತವನಿಗೆ ಅವನು ಆಗಲೇ ಹೇಳುತ್ತಿದ್ದ: “ನನ್ನ ಸೊಂಟ ಹಿಂಗ್ಯಾಕೆ ಆಯ್ತು ಗೊತ್ತೇನಪ್ಪ? ನಮ್ಮ ಹುಡುಗ ಒಬ್ಬ ಅವ್ನೆ...”